ಫೆಡರಲ್ ರಿಫಂಡ್ ಬರುವಾಗ ಕ್ಯಾಲಿಫೋರ್ನಿಯಾಕ್ಕೆ ಬಾಕಿ ಏಕೆ?

ಅಮೆರಿಕದ ಕೇಂದ್ರ ಸರಕಾರಕ್ಕೆ ಸಲ್ಲುವ ಫೆಡರಲ್ ತೆರಿಗೆಯಲ್ಲಿ ಹಣ ಮರಳಿ ಬರುತ್ತದೆಂದು ತೋರಿಸಿದ ಸಾಫ್ಟ್‌ವೇರೇ ಮುಂದಿನ ಪುಟದಲ್ಲಿ ಕ್ಯಾಲಿಫೋರ್ನಿಯಾ ರಾಜ್ಯಕ್ಕೆ ಆರೇಳು ನೂರು ಡಾಲರ್ ಕಟ್ಟಬೇಕೆಂದರೆ, ಎಲ್ಲೋ ತಪ್ಪು ತುಂಬಿದೆವೇನೋ ಎಂದು ಗಾಬರಿಯಾಗುವುದು ಸಹಜ. ಆದರೆ ಇವೆರಡೂ ಬೇರೆ ಬೇರೆ ಖಾತೆಗಳು. ಒಂದರಲ್ಲಿ ಸಂಬಳದಿಂದ ಹೆಚ್ಚು ಕಡಿತವಾದ ಹಣ ತಾನಾಗಿಯೇ ಇನ್ನೊಂದಕ್ಕೆ ಜಮೆಯಾಗುವುದಿಲ್ಲ.

ಮೊದಲು ವರ್ಷದ ಸಂಬಳವನ್ನೂ ಹಿಡಿದ ತೆರಿಗೆಯನ್ನೂ ತೋರಿಸುವ, ಕಂಪನಿ ಕೊಟ್ಟ ಡಬ್ಲ್ಯೂ-2 ಪತ್ರವನ್ನು ಎದುರಿಗಿಟ್ಟುಕೊಳ್ಳಿ. ಅದರ 16ನೇ ಚೌಕದಲ್ಲಿ ರಾಜ್ಯದ ಲೆಕ್ಕದ ಸಂಬಳವೂ, 17ರಲ್ಲಿ ರಾಜ್ಯಕ್ಕಾಗಿ ಹಿಡಿದ ತೆರಿಗೆಯೂ ಇರುತ್ತವೆ. ದಂಪತಿಗಳಾದರೆ ಇಬ್ಬರ 17ನೇ ಚೌಕದ ಮೊತ್ತವನ್ನೂ ಕೂಡಿ, ರಾಜ್ಯದ ರಿಟರ್ನ್ ಆದ ಫಾರ್ಮ್ 540ರಲ್ಲಿ ಬಂದ ಒಟ್ಟು ತೆರಿಗೆಯಿಂದ ಕಳೆಯಿರಿ. ಉಳಿದದ್ದೇ ನಿಮ್ಮ ಬಾಕಿ. ಇನ್ನು ಅದು ಹುಟ್ಟಿದ್ದೆಲ್ಲಿ ಎಂದು ಹುಡುಕಬೇಕು.

ಇಬ್ಬರೂ ದುಡಿಯುವ ಮನೆಯಲ್ಲಿ ಪ್ರತಿ ಕಂಪನಿಯೂ ತಾನು ಕೊಡುವ ಸಂಬಳವೊಂದೇ ಆ ಮನೆಯ ಆದಾಯವೆಂಬಂತೆ ಕಡಿತ ಮಾಡುತ್ತಿರಬಹುದು. ಎರಡೂ ಸಂಬಳ ಕೂಡಿದಾಗ ದರದ ಹಂತ ಮೇಲೇರಿ ಕಡಿತ ಸಾಲದೇ ಹೋಗಬಹುದು. 2024ರ ಸಾಲಿನಲ್ಲಿ ಜಂಟಿ ರಿಟರ್ನ್‌ಗೆ ಫೆಡರಲ್ ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದಲ್ಲಿ ತೆರಿಗೆಯಿಲ್ಲದೆ ಬಿಡುವ ಮೊತ್ತ) 29,200 ಡಾಲರ್ ಇದ್ದರೆ ಕ್ಯಾಲಿಫೋರ್ನಿಯಾದ್ದು ಬರೀ 11,080. ಸಂಬಳದ ಕಡಿತದಲ್ಲಿ ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರುವುದರಿಂದ ಇದೊಂದೇ ಬಾಕಿಗೆ ಕಾರಣವಾಗದು.

ನಮ್ಮವರು ಹೆಚ್ಚಾಗಿ ಎಡವುವುದು ಊರಿನ ಠೇವಣಿಗಳ ವಿಷಯದಲ್ಲಿ. ಎನ್‌ಆರ್‌ಇ (ಅನಿವಾಸಿಗಳು ವಿದೇಶದ ಗಳಿಕೆಯನ್ನು ಭಾರತದಲ್ಲಿಡುವ) ಖಾತೆಯ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ, ಅಮೆರಿಕದ ನಿವಾಸಿಗೆ ಇಲ್ಲಿ ಉಂಟು. ಎನ್‌ಆರ್‌ಒ (ಅವರ ಭಾರತದ ಆದಾಯಕ್ಕಿರುವ) ಖಾತೆಯ ಬಡ್ಡಿಯ ಮೇಲೆ ಭಾರತದಲ್ಲಿ ಕಟ್ಟಿದ ತೆರಿಗೆಗೆ ಫೆಡರಲ್ ರಿಟರ್ನ್‌ನಲ್ಲಿ ಕ್ರೆಡಿಟ್ (ಕಟ್ಟಬೇಕಾದ ತೆರಿಗೆಯಲ್ಲಿ ಇಳಿಕೆ) ಸಿಗುತ್ತದೆ, ಆದರೆ ಕ್ಯಾಲಿಫೋರ್ನಿಯಾ ವಿದೇಶದಲ್ಲಿ ಕಟ್ಟಿದ ತೆರಿಗೆಗೆ ಅಂಥ ಕ್ರೆಡಿಟ್ ಕೊಡುವುದೇ ಇಲ್ಲ. ಶೇ 9.3ರ ಹಂತದಲ್ಲಿರುವ ದಂಪತಿಗೆ ಮೈಸೂರಿನ ಬ್ಯಾಂಕಿನಿಂದ ವರ್ಷಕ್ಕೆ 5,000 ಡಾಲರಿನಷ್ಟು ಬಡ್ಡಿ ಬಂದರೆ ರಾಜ್ಯಕ್ಕೆ 465 ಡಾಲರ್ ಸಲ್ಲಬೇಕು, ಅದಕ್ಕಾಗಿ ಇಲ್ಲಿ ಯಾರೂ ಒಂದು ಸೆಂಟನ್ನೂ ಮುಂಚಿತವಾಗಿ ಹಿಡಿದಿರುವುದಿಲ್ಲ. ಷೇರು ಮಾರಿದ ಲಾಭವೂ ಹೀಗೆಯೇ. ದೀರ್ಘಾವಧಿ ಲಾಭಕ್ಕೆ ಫೆಡರಲ್‌ನಲ್ಲಿರುವ ಕಡಿಮೆ ದರ ಈ ರಾಜ್ಯದಲ್ಲಿಲ್ಲ.

ಕಾರಣ ತಿಳಿದ ಮೇಲೆ ಕಂಪನಿಯ ವೇತನ ವಿಭಾಗಕ್ಕೆ ರಾಜ್ಯಕ್ಕೆಷ್ಟು ಹಿಡಿಯಬೇಕೆಂದು ತಿಳಿಸುವ ಹೊಸ ಡಿಇ 4 ಫಾರ್ಮ್ ಕೊಡಿ. ಫೆಡರಲ್ ಕಡಿತದ ಡಬ್ಲ್ಯೂ-4 ಬದಲಿಸಿದರೆ ರಾಜ್ಯದ ಕಡಿತ ಬದಲಾಗದೆಂಬುದನ್ನು ಅನೇಕರು ಗಮನಿಸುವುದಿಲ್ಲ. ತಿಂಗಳಿಗೆರಡು ಸಂಬಳವಿದ್ದರೆ, ಪ್ರತಿ ಸಲವೂ 20 ಡಾಲರ್ ಹೆಚ್ಚುವರಿ ಹಿಡಿಯಲು ಅದರಲ್ಲಿ ಬರೆದರೆ ವರ್ಷಕ್ಕೆ 480 ಡಾಲರ್ ಆಗಿ ಮೇಲಿನ ಬಡ್ಡಿಯ ತೆರಿಗೆ ತೀರುತ್ತದೆ.

ಈ ವರ್ಷದ ಬಾಕಿಯನ್ನಂತೂ ಏಪ್ರಿಲ್ 15ರೊಳಗೆ ಕಟ್ಟಿಬಿಡಿ. ರಿಟರ್ನ್ ಸಲ್ಲಿಸಲು ರಾಜ್ಯವು ಅಕ್ಟೋಬರ್ 15ರವರೆಗೆ ತಾನಾಗಿಯೇ ಅವಕಾಶ ಕೊಟ್ಟರೂ ಹಣಕ್ಕೆ ಆ ಅವಕಾಶವಿಲ್ಲ. ಒಮ್ಮೆಲೇ ಕಟ್ಟಲಾಗದವರು ರಾಜ್ಯದ ತೆರಿಗೆ ಸಂಸ್ಥೆಯಾದ ಫ್ರಾಂಚೈಸ್ ಟ್ಯಾಕ್ಸ್ ಬೋರ್ಡ್‌ಗೆ ಕಂತುಗಳಿಗಾಗಿ ಅರ್ಜಿ ಹಾಕಬಹುದು.