ಸೊರಗದ ಬಳ್ಳಿಯಿಂದ ಸಸಿ: ನನ್ನ ಅನುಭವ

ಕೊಡಗಿನ ನಾಪೋಕ್ಲು ಕಡೆಯ ನಮ್ಮ ತೋಟದಲ್ಲಿ ಸಿಲ್ವರ್ ಮರಕ್ಕೆ ಹಬ್ಬಿದ್ದ ಪಣಿಯೂರು ತಳಿಯ ಕರಿಮೆಣಸಿನ ಬಳ್ಳಿಗಳಲ್ಲಿ ಅರ್ಧಕ್ಕೂ ಹೆಚ್ಚು ಒಂದೇ ಮಳೆಗಾಲದಲ್ಲಿ ಸೊರಗು ರೋಗಕ್ಕೆ ಹೋದವು. ತೋಡಿನ ಬದಿಯ ಒಂದೇ ಒಂದು ಬಳ್ಳಿ, ಅದೂ ಸದಾ ನೀರು ನಿಲ್ಲುವ ಜಾಗದ್ದು, ಹಸಿರಾಗೇ ಉಳಿಯಿತು. ಅದರಿಂದಲೇ ಸಸಿ ಮಾಡ್ತೇನೆ ಅಂದರೆ ಮೇಸ್ತ್ರಿ, "ಒಂದು ಬಳ್ಳಿಯಲ್ಲಿ ಎಷ್ಟು ಬರ್ತದೆ ಸಾರ್? ನರ್ಸರಿಯಿಂದ ತರುವ" ಅಂದ.

ತಂದೂ ಆಗಿತ್ತು. ಸಸಿಗೆ ಇಪ್ಪತ್ತೈದು ರೂಪಾಯಿ ಚಿಲ್ಲರೆ, ಜೀಪಿನ ಬಾಡಿಗೆ ಬೇರೆ. ಎರಡನೇ ವರ್ಷ ಎಲೆ ಮುದುಡಿ, ಗಿಣ್ಣುಗಳು ಒತ್ತೊತ್ತಾಗಿ, ಬಳ್ಳಿ ಮೇಲೇಳಲೇ ಇಲ್ಲ. ತಾಯಿಬಳ್ಳಿಯಲ್ಲಿ ವೈರಸ್ ಇದ್ದರೆ ಅದರ ತುಂಡಿನಲ್ಲೂ ಇರ್ತದೆ. ಸುಮಾರು ಹದಿನೈದು ಸಾವಿರ ಮಣ್ಣುಪಾಲು.

ಮತ್ತೆ ತೋಡಿನ ಬದಿಯ ಬಳ್ಳಿಗೇ ಬಂದೆ. ಮೊದಲು ಅದರ ಬುಡದಿಂದ ನೆಲದಲ್ಲಿ ಹರಿಯುವ ಹಬ್ಬುಬಳ್ಳಿಯನ್ನು ಫೆಬ್ರವರಿಯಲ್ಲಿ ಮೂರು ಗಿಣ್ಣಿನ ತುಂಡು ಮಾಡಿ ಪ್ಯಾಕೆಟ್ಟಿಗೆ ಊರಿದೆ. ನೂರಕ್ಕೆ ನಲವತ್ತು ಉಳಿದರೆ ಹೆಚ್ಚು. ಕಿತ್ತು ನೋಡಿದರೆ ಕೊಯ್ದ ಬಾಯಿಗೆ ಅಕ್ಕಿಕಾಳಿನಷ್ಟು ಬಿಳಿ ಗಂಟು ಕಟ್ಟಿದೆ. ಅಂದರೆ ಜೀವಕೋಶ ವಿಭಜನೆ ನಡೆದಿದೆ, ಬೇರು ಮಾತ್ರ ಇಲ್ಲ. ಅಷ್ಟರಲ್ಲಿ ತುಂಡಿನ ಕಸುವೇ ಮುಗಿದಿತ್ತು.

ಕೈ ಹಿಡಿದದ್ದು ಸರ್ಪ ವಿಧಾನ. ಬೇರುಬಿಟ್ಟ ತಾಯಿಗಿಡ ಒಂದು ತುದಿಗೆ, ಅದರ ಮುಂದೆ ಪ್ಯಾಕೆಟ್ಟಿನ ಸಾಲು. ಬಳ್ಳಿ ಮುಂದೆ ಹೋದ ಹಾಗೆ ಒಂದೊಂದು ಗಿಣ್ಣನ್ನು ಒಂದೊಂದು ಪ್ಯಾಕೆಟ್ಟಿನ ಮಣ್ಣಿಗೆ ತಾಗಿಸಿ, ಮಡಚಿದ ತೆಂಗಿನ ಕಡ್ಡಿ ಚುಚ್ಚಿ ಅದುಮಬೇಕು. ಬೇರು ಬರುವ ತನಕ ತಾಯಿಯ ಸಂಪರ್ಕ ತಪ್ಪುವುದಿಲ್ಲ, ಸಾವು ಕಡಿಮೆ. ಮೂರು ತಿಂಗಳಿಗೆ ಮೊದಲ ಹತ್ತು ಗಿಣ್ಣು ತಯಾರು. ಗಿಣ್ಣಿನ ನಡುವೆ ಕತ್ತರಿಸಿ, ಕೊಯ್ದ ತುದಿಯನ್ನೂ ಅದೇ ಮಣ್ಣಿಗೆ ತುರುಕಿದರೆ ಅಲ್ಲೂ ಬೇರು. ಒಂದು ತಾಯಿಯಿಂದ ವರ್ಷಕ್ಕೆ ಐವತ್ತು-ಅರವತ್ತು ಸಸಿಗೆ ಮೋಸವಿಲ್ಲ. ಮಣ್ಣಿಗೆ ಟ್ರೈಕೋಡರ್ಮಾ ಅನ್ನುವ, ರೋಗ ತಡೆಯುವ ಶಿಲೀಂಧ್ರ ಬೆರೆಸುವುದು ಎಲ್ಲರಿಗೂ ಗೊತ್ತು. ಅದುಮುವ ಮೊದಲು ಗಿಣ್ಣಿಗೆ ನಾನು ಏನು ಸವರುತ್ತೇನೆ ಅನ್ನುವುದು ನನ್ನಲ್ಲೇ ಇರಲಿ.

ಖರ್ಚು ಕೂಲಿ ಸೇರಿ ಸಸಿಗೆ ಒಂಬತ್ತು-ಹತ್ತು ರೂಪಾಯಿ. ನೆಟ್ಟ ಮುನ್ನೂರು ಚಿಲ್ಲರೆಯಲ್ಲಿ ನಾಲ್ಕು ಮಳೆಗಾಲಕ್ಕೆ ಹೋದದ್ದು ಹದಿನೈದಿಪ್ಪತ್ತು. ಅದೃಷ್ಟ ಅನ್ನುವವರು ಬಂದು ನೋಡಲಿ. ಹಾಗಂತ ತೋಟ ಪೂರ್ತಿ ಇದನ್ನೇ ಹಾಕಲಿಲ್ಲ. ಎಲ್ಲವೂ ಒಂದೇ ಬಳ್ಳಿಯ ಪಡಿಯಚ್ಚು. ಇದಕ್ಕೆ ತಾಗುವ ರೋಗ ಬಂದರೆ ಒಟ್ಟಿಗೇ ಹೋಗ್ತವೆ. ನಡುನಡುವೆ ಕರಿಮುಂಡ ಅನ್ನುವ ಬೇರೆ ಮೆಣಸಿನ ತಳಿ ಇದೆ.

ಕಾಯಿ ಬಿಡುವ ಅಡ್ಡರೆಕ್ಕೆಯನ್ನೂ ಕುಂಡದಲ್ಲಿ ಊರಿ ನೋಡಿದೆ. ಅದೇ ಬಳ್ಳಿಯದ್ದಾದರೂ ಮರ ಹತ್ತುವುದಿಲ್ಲ, ಪೊದೆಯಾಗಿ ನಿಂತು ಬೇಗ ಗೆರೆ, ಅಂದರೆ ಕಾಳಿನ ತೆನೆ, ಬಿಡ್ತದೆ. ಮನೆಖರ್ಚಿಗೆ ಸಾಕು, ಲೆಕ್ಕಕ್ಕಿಲ್ಲ.

ಈಗ ಕೊಡಗಿನ ಕಿತ್ತಳೆ ಬೀಜಕ್ಕೆ ಕೈಹಾಕಿದ್ದೇನೆ. ಒಂದೇ ಬೀಜದಲ್ಲಿ ಎರಡು-ಮೂರು ಮೊಳಕೆ. ಹೆಚ್ಚಿನವು ಪರಾಗದ ಪಾಲಿಲ್ಲದೆ ತಾಯಿಯ ಅಂಗಾಂಶದಿಂದಲೇ ಬಂದವು. ಬಡಕಲನ್ನು ಕಿತ್ತು ಗಟ್ಟಿಯದ್ದನ್ನು ಇಟ್ಟುಕೊಳ್ಳುತ್ತಿದ್ದೇನೆ. ಮೇಸ್ತ್ರಿ ಇದಕ್ಕೂ ನಗ್ತಾನೆ, ಆದರೆ ಅವನ ಲೈನ್ ಮನೆ ಹಿತ್ತಲಲ್ಲಿ ನನ್ನ ಮೆಣಸಿನ ಸಸಿ ಎಂಟು-ಹತ್ತು ಇವೆ.