ಮುಷ್ಟಿಯ ಬಲ ಅಳೆಯುವುದು ಹೇಗೆ, ಹೆಚ್ಚಿಸುವುದು ಹೇಗೆ?

ಬಿಸಿ ಜೋಳದ ರೊಟ್ಟಿ ಕುಟ್ಟಿ, ಬೆಳ್ಳುಳ್ಳಿ, ಖಾರ, ಎಣ್ಣೆ ಸೇರಿಸಿ ಮುಟಗಿ ಕಟ್ಟಬೇಕಾದರೆ ಮುಷ್ಟಿ ಗಟ್ಟಿಯಿರಬೇಕು. ವರ್ಷಗಟ್ಟಲೆ ಮುಟಗಿ ಕಟ್ಟಿದ ಅವ್ವ ಒಂದು ದಿನ ‘ಯಾಕೋ ಗಟ್ಟಿ ಹಿಡಿಯಾಕ ಆಗವಲ್ದು’ ಅಂದರೆ, ವಯಸ್ಸಾಯಿತು ಎಂದು ಬಿಟ್ಟುಬಿಡಬೇಡಿ. ನಳ ತಿರುವಲು ಎರಡೂ ಕೈ ಬೇಕಾಗುವುದು, ತುಂಬಿದ ತಂಬಿಗೆ ಜಾರುವುದು, ಒದ್ದೆ ಬಟ್ಟೆಯಲ್ಲಿ ನೀರು ಉಳಿಯುವುದು ಕೂಡ ಇದೇ ಸೂಚನೆ.

ಹಿಡಿತ ಕಡಿಮೆಯಾದವರಲ್ಲಿ ತೊಡೆ, ಬೆನ್ನಿನ ಬಲವೂ ಸಾಮಾನ್ಯವಾಗಿ ಇಳಿದಿರುತ್ತದೆ. ಭಾರತವೂ ಸೇರಿ 17 ದೇಶಗಳ ಸುಮಾರು 1.4 ಲಕ್ಷ ಜನರ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಹಿಡಿತ 5 ಕಿಲೊ ಕಡಿಮೆಯಾದಂತೆಲ್ಲ ಸಾವಿನ ಅಪಾಯ ಶೇ 16ರಷ್ಟು ಹೆಚ್ಚಿದ್ದು ಅದರಲ್ಲಿ ಕಂಡಿತು. ಹಾಗೆಂದು ರಬ್ಬರ್ ಚೆಂಡು ಹಿಚುಕುತ್ತ ಕುಳಿತರೆ ಸಾಲದು. ಮುಷ್ಟಿ ಇಲ್ಲಿ ಥರ್ಮಾಮೀಟರ್ ಇದ್ದಂತೆ. ಅದನ್ನು ತಣ್ಣೀರಲ್ಲಿ ಅದ್ದಿದರೆ ಜ್ವರ ಇಳಿಯುವುದಿಲ್ಲ.

ಅಳೆಯುವ ಕ್ರಮ

ಇದಕ್ಕೆ ಡೈನಮೋಮೀಟರ್ ಎಂಬ ಹಿಡಿಯುವ ಯಂತ್ರ ಬೇಕು. ಹುಬ್ಬಳ್ಳಿ, ಧಾರವಾಡದ ಫಿಸಿಯೊಥೆರಪಿ ವಿಭಾಗಗಳಲ್ಲಿ ಕೇಳಿ ನೋಡಿ. ಪಾದ ನೆಲಕ್ಕೆ ಊರುವಂತೆ ಕುರ್ಚಿಯಲ್ಲಿ ಕೂರಿಸಿ, ಉಂಗುರ ತೆಗೆಸಿ. ಭುಜ ಸಡಿಲವಾಗಿರಲಿ, ಮೊಣಕೈ 90 ಡಿಗ್ರಿ ಮಡಚಿರಲಿ, ಮಣಿಕಟ್ಟು ನೇರವಾಗಿರಲಿ. ‘ಹಿಚಕ್ರಿ, ಇನ್ನೂ ಗಟ್ಟಿ ಹಿಚಕ್ರಿ’ ಎನ್ನುತ್ತ 3ರಿಂದ 5 ಸೆಕೆಂಡ್ ಒತ್ತಿಸಿ. ಉಸಿರು ಬಿಡುತ್ತಲೇ ಒತ್ತಬೇಕು. ಒಂದು ಕೈ ಆದಮೇಲೆ ಇನ್ನೊಂದು, ಹೀಗೆ ಪ್ರತಿ ಕೈಗೆ ಮೂರು ಸಲ, ನಡುವೆ ಒಂದು ನಿಮಿಷ ಬಿಡುವು. ಎಲ್ಲಕ್ಕಿಂತ ದೊಡ್ಡ ಅಂಕಿಯನ್ನು ಬರೆದಿಡಿ.

ಏಷ್ಯಾದ ತಜ್ಞರ ಗುಂಪು 2019ರಲ್ಲಿ ಹಾಕಿದ ಗೆರೆಯ ಪ್ರಕಾರ ಗಂಡಸರಲ್ಲಿ 28 ಕಿಲೊಗಿಂತ, ಹೆಂಗಸರಲ್ಲಿ 18 ಕಿಲೊಗಿಂತ ಕಡಿಮೆ ಬಂದರೆ ಬಲ ಕುಗ್ಗಿದೆ ಎಂದರ್ಥ.

ಲೆಕ್ಕ ತಪ್ಪುವುದು ಬಹುಮಟ್ಟಿಗೆ ಮಣಿಕಟ್ಟಿನಿಂದ. ಅದು ಒಳಕ್ಕೆ ಬಾಗಿದರೆ ಬೆರಳು ಮಡಚುವ ಸ್ನಾಯು ಮೊದಲೇ ಗಿಡ್ಡವಾಗಿ, ಎಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಹಿಡಿಕೆಯ ಅಂತರ ಪ್ರತಿ ಸಲ ಬೇರೆಯಿದ್ದರೂ ಅಂಕಿ ಬದಲಾಗುತ್ತದೆ. ಇಪ್ಪತ್ತು ರೊಟ್ಟಿ ಬಡಿದು ದಣಿದ ಕೈಯನ್ನು ಅಳೆದು ಗಾಬರಿಯಾಗಬೇಡಿ.

ಯಂತ್ರ ಸಿಗದಿದ್ದರೆ ಕಾಲು ಅಳೆಯಿರಿ. ನನ್ನ ಪ್ರಕಾರ ಯಂತ್ರವಿದ್ದರೂ ಇದನ್ನು ಬಿಡಬಾರದು. ಕೈಯಿಲ್ಲದ ಕುರ್ಚಿಯನ್ನು ಗೋಡೆಗೆ ಆನಿಸಿ (ಪ್ಲಾಸ್ಟಿಕ್ ಕುರ್ಚಿ ನುಣುಪು ನೆಲದಲ್ಲಿ ಹಿಂದೆ ಸರಿಯುತ್ತದೆ). ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಎದ್ದು ಕೂರಬೇಕು. ಐದನೆಯ ಸಲ ಪೂರ್ತಿ ನಿಂತಾಗ ಗಡಿಯಾರ ನಿಲ್ಲಿಸಿ. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಕಾಲಿನ ಶಕ್ತಿ ಕಡಿಮೆ. ಬೀಳುವ ಭಯವಿದ್ದವರ ಪಕ್ಕ ಒಬ್ಬರು ನಿಲ್ಲಲೇಬೇಕು.

ಬಲ ಬೆಳೆಸುವ ಕ್ರಮ

ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೈಗಳು ದಿನವಿಡೀ ದುಡಿಯುತ್ತವೆ. ಆದರೆ ಅದು ಬೆರಳತುದಿಯ ಹಗುರ ಕೆಲಸ. ಸಾವಿರ ಸಲ ಮಾಡಿದರೆ ನೋವು ಬರಬಹುದು, ಬಲ ಅಷ್ಟಾಗಿ ಬರುವುದಿಲ್ಲ. ಸ್ನಾಯು ಬೆಳೆಯಲು ಭಾರ ಬೇಕು. ವಾರಕ್ಕೆ ಎರಡು-ಮೂರು ದಿನ, ನಡುವೆ ಒಂದು ದಿನ ಬಿಟ್ಟು ಮಾಡಿ.

ಭಾರ ಹೊರುವುದು ಎಲ್ಲಕ್ಕಿಂತ ಮುಖ್ಯ. ಎರಡು ಬಟ್ಟೆ ಚೀಲಗಳಲ್ಲಿ ತಲಾ 2 ಕಿಲೊ ಜೋಳ ತುಂಬಿ, ಎರಡೂ ಕೈಯಲ್ಲಿ ಹಿಡಿದು ಪಡಸಾಲೆಯಲ್ಲಿ 20 ಹೆಜ್ಜೆ ನಡೆಯಿರಿ. ಚೀಲ ಕೆಳಗಿಟ್ಟು ಒಂದು ನಿಮಿಷ ಸುಧಾರಿಸಿಕೊಳ್ಳಿ. ಹೀಗೆ ಮೂರು ಸುತ್ತು. ಎರಡು ವಾರ ಸಲೀಸಾಗಿ ನಡೆದರೆ ಒಂದೊಂದು ಚೀಲಕ್ಕೆ ಅರ್ಧ ಕಿಲೊ ಸೇರಿಸಿ. ಹಿಡಿಕೆ ತೆಳುವಾಗಿದ್ದರೆ ಬೆರಳು ಕೊರೆಯುತ್ತದೆ, ಬಲ ಮುಗಿಯುವ ಮೊದಲೇ ನೋವಿಗೆ ಕೈ ಬಿಡಬೇಕಾಗುತ್ತದೆ. ಹಳೆಯ ಬಟ್ಟೆ ಸುತ್ತಿ ದಪ್ಪ ಮಾಡಿ. ಒಂದೇ ಕೊಡವನ್ನು ಸೊಂಟಕ್ಕೆ ಇಟ್ಟು ಒಯ್ದರೆ ಈ ಫಲವಿಲ್ಲ: ಭಾರವನ್ನೆಲ್ಲ ಸೊಂಟ ಹೊರುತ್ತದೆ, ಬೆನ್ನು ವಾಲುತ್ತದೆ, ಮುಷ್ಟಿಗೆ ಕೆಲಸವೇ ಇರುವುದಿಲ್ಲ.

ಆಮೇಲೆ ಕುರ್ಚಿಯಿಂದ ಎದ್ದು ಕೂರುವುದು, 8 ಸಲದಂತೆ ಎರಡು ಸುತ್ತು. ಕೂರುವಾಗ ನಾಲ್ಕು ಎಣಿಸುತ್ತ ನಿಧಾನ ಇಳಿಯಿರಿ; ದೊಪ್ಪೆಂದು ಕೂತರೆ ತೊಡೆಗೆ ಸಿಗಬೇಕಾದ ಅರ್ಧ ಕೆಲಸ ಕೈತಪ್ಪುತ್ತದೆ.

ಒದ್ದೆ ಟವೆಲ್ಲನ್ನು ಬಲಕ್ಕೆ 5 ಸಲ, ಎಡಕ್ಕೆ 5 ಸಲ ಹಿಂಡಿ. ಐದೂ ಬೆರಳಿಗೆ ರಬ್ಬರ್ ಬ್ಯಾಂಡ್ ಹಾಕಿ 10 ಸಲ ಅಗಲಿಸಿ. ಮಡಚುವ ಸ್ನಾಯುವಿನ ಜೊತೆ ಬಿಚ್ಚುವ ಸ್ನಾಯುವೂ ಬಲಗೊಳ್ಳಬೇಕು.

ಎಲ್ಲದರಲ್ಲೂ ಕೊನೆಯ ಎರಡು ಸಲ ಕಷ್ಟವೆನಿಸಬೇಕು, ಆದರೆ ಇನ್ನೂ ಎರಡು ಮಾಡುವಷ್ಟು ಶಕ್ತಿ ಉಳಿದಿರಬೇಕು. ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಏಕಾಏಕಿ ಏರುತ್ತದೆ. ಗಟ್ಟಿಯಾಗಿ ಎಣಿಸುತ್ತ ಮಾಡಿದರೆ ಅದು ತಪ್ಪುತ್ತದೆ. ಇತ್ತೀಚೆಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆದವರು, ಹರ್ನಿಯಾ, ಎದೆನೋವು, ಹತೋಟಿಗೆ ಬಾರದ ಬಿಪಿ ಇದ್ದವರು ಮೊದಲು ವೈದ್ಯರನ್ನು ಕೇಳಬೇಕು.

ಊಟ

ವಯಸ್ಸಾದವರಿಗೆ ದೇಹತೂಕದ ಪ್ರತಿ ಕಿಲೊಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೊಟೀನ್ ಬೇಕು. 60 ಕಿಲೊ ತೂಕದವರಿಗೆ 60ರಿಂದ 72 ಗ್ರಾಂ. 50 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಯಲ್ಲಿ ಸಿಗುವುದು ಸುಮಾರು 5 ಗ್ರಾಂ ಮಾತ್ರ. ಹಲ್ಲಿಲ್ಲವೆಂದು ಅನ್ನ-ಸಾರಿಗೆ ನಿಂತವರಿಗೆ ಅದೂ ಇಲ್ಲ. ಮೆತ್ತಗೆ ಬೇಯಿಸಿದ ಹೆಸರುಕಾಳು ಪಲ್ಯ, ಜುಣಕ (ಕಡಲೆಹಿಟ್ಟಿನ ಪಲ್ಯ), ಶೇಂಗಾ ಹಿಂಡಿ (ಚಟ್ನಿಪುಡಿ) ಕಲಸಿದ ಮೊಸರು, ತಿನ್ನುವವರಿಗೆ ಮೊಟ್ಟೆ, ಹೀಗೆ ಪ್ರತಿ ಊಟದಲ್ಲೂ ಒಂದಿರಲಿ. ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಈ ಲೆಕ್ಕ ಬೇರೆ.

ವ್ಯಾಯಾಮದಿಂದ ಸರಿಹೋಗದವು

ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಬೆಳಿಗ್ಗೆ ಬೆರಳು ಮಡಚಿಕೊಂಡು ಟಕ್ಕೆಂದು ಬಿಚ್ಚಿಕೊಳ್ಳುತ್ತಿದ್ದರೆ ಹಿಚುಕುವ ವ್ಯಾಯಾಮ ನಿಲ್ಲಿಸಿ, ತೋರಿಸಿ. ಒಂದೇ ಬದಿಯ ಕೈ ಇದ್ದಕ್ಕಿದ್ದಂತೆ ಸೋತು, ಬಾಯಿ ಸೊಟ್ಟಗಾದರೆ ಅಥವಾ ಮಾತು ತೊದಲಿದರೆ ಅದು ಪಾರ್ಶ್ವವಾಯು. ತಡಮಾಡದೆ 108ಕ್ಕೆ ಕರೆ ಮಾಡಿ.

ಮತ್ತೆ ಅಳೆಯುವುದು ಎಂಟು ವಾರಗಳ ನಂತರ, ಅದೇ ಯಂತ್ರ, ಅದೇ ಕುರ್ಚಿ, ಅದೇ ಹೊತ್ತಿನಲ್ಲಿ. ಒಂದು-ಎರಡು ಕಿಲೊ ವ್ಯತ್ಯಾಸ ಅಳತೆಯ ಏರುಪೇರೂ ಆಗಿರಬಹುದು, ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಕುರ್ಚಿಯಿಂದ ಐದು ಸಲ ಏಳುವ ಸಮಯ ಇಳಿದಿದೆಯೇ ಎಂಬುದನ್ನೂ ಅದರ ಪಕ್ಕ ಬರೆಯಿರಿ.