ಕಾಫಿಯ ರುಚಿಯಲ್ಲಿ ತೋಟದ ಗುರುತು ಹಿಡಿಯುವುದು ಹೇಗೆ?

ಗಿರಿಯ ಮೇಲಿನ ಕಾಫಿಗೂ ಮೂಡಿಗೆರೆ ಕಡೆಯ ಕಾಫಿಗೂ ರುಚಿಯೇ ಬೇರೆ ಎಂದು ಚಿಕ್ಕಮಗಳೂರಿನಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ಹಾಲು, ಸಕ್ಕರೆ ಬೆರೆಸಿ ಕುಡಿದು ಹಾಗೆ ಹೇಳುವವರೇ ಹೆಚ್ಚು. ಮಣ್ಣು ಮತ್ತು ಹವೆ ಕೊಟ್ಟದ್ದೇನು ಎಂಬುದು ನಾಲಿಗೆಗೆ ತಿಳಿಯಬೇಕಾದರೆ ಉಳಿದೆಲ್ಲವನ್ನೂ ಸಮ ಮಾಡಿಕೊಳ್ಳಬೇಕು.

ಬಹುಪಾಲು ಜನ ಎಡವುವುದು ಮಾದರಿಯನ್ನು ಆರಿಸುವಾಗಲೇ. ಬೇರೆ ಬೇರೆ ಎತ್ತರದ ಎರಡು ತೋಟಗಳಿಂದ ಅದೇ ವರ್ಷದ, ಅದೇ ತಳಿಯ ಅರೇಬಿಕಾ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಸುಲಿದು, ತೊಳೆದು, ಒಳಗಿನ ತೆಳು ಹೊಟ್ಟಿನೊಂದಿಗೇ ಒಣಗಿಸಿದ ಬೀಜ, ತರಬೇಕು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ 1940ರ ದಶಕದಲ್ಲಿ ಬಂದ ಎಸ್.795 ಎಂಬ ತಳಿ ಜಿಲ್ಲೆಯ ಬಹಳಷ್ಟು ತೋಟಗಳಲ್ಲಿ ಸಿಗುವುದರಿಂದ ಅದೇ ಇರಲಿ. ಒಂದು ಪಾರ್ಚ್‌ಮೆಂಟ್, ಇನ್ನೊಂದು ಸಿಪ್ಪೆಸಹಿತ ಒಣಗಿಸಿದ ಚೆರ್ರಿಯಾದರೆ ನೀವು ಹೋಲಿಸುವುದು ಸಂಸ್ಕರಣೆಯನ್ನೇ ಹೊರತು ತೋಟವನ್ನಲ್ಲ. ಬೀಜವನ್ನು ಮೂಸಿಯೂ ನೋಡಿ: ಕಣದಲ್ಲಿ ಮಳೆಗೆ ಸಿಕ್ಕಿದ ಕಾಫಿಯ ಬೂಷ್ಟು ವಾಸನೆಯನ್ನೇ ‘ನಮ್ಮ ಮಣ್ಣಿನ ಸೊಗಡು’ ಎಂದು ಹೊಗಳುವವರಿದ್ದಾರೆ.

ಮಣ್ಣಿನ ರುಚಿ ನೇರವಾಗಿ ಬೀಜಕ್ಕೆ ಇಳಿಯುವುದಿಲ್ಲ. ಜರ್ಮನಿಯ ಮೊಸೆಲ್ ಕಣಿವೆಯಲ್ಲಿ ಸ್ಲೇಟು ಕಲ್ಲಿನ ಇಳಿಜಾರು ನೀರನ್ನು ಬಸಿದು, ಹಗಲಿನ ಬಿಸಿಯನ್ನು ಹಿಡಿದಿಟ್ಟು ರೀಸ್ಲಿಂಗ್ ದ್ರಾಕ್ಷಿ ಮಾಗಲು ನೆರವಾಗುತ್ತದೆ. ಅಲ್ಲಿನ ವೈನಿನಲ್ಲಿ ಕಲ್ಲು ಕರಗಿರುವುದಿಲ್ಲ. ನಮ್ಮ ಇಳಿಜಾರಿನ ಕೆಂಪು ಮಣ್ಣೂ ಬೇರಿಗೆ ಸಿಗುವ ನೀರು, ಗೊಬ್ಬರಗಳ ಮೂಲಕವೇ ಕೆಲಸ ಮಾಡುತ್ತದೆ. ಎತ್ತರದ ಪ್ರಭಾವ ಇದಕ್ಕಿಂತ ಸ್ಪಷ್ಟ: ತಂಪಿನಲ್ಲಿ, ಮರದ ನೆರಳಿನಲ್ಲಿ ಹಣ್ಣು ನಿಧಾನವಾಗಿ ಮಾಗಿ ಬೀಜ ಗಟ್ಟಿಯಾಗುತ್ತದೆ, ಹುಳಿ ಚುರುಕಾಗುತ್ತದೆ.

ಹೊಟ್ಟು ತೆಗೆಸಿ, ಎರಡನ್ನೂ ಒಂದೇ ಹದಕ್ಕೆ ಹುರಿಯಿರಿ. ಮೊದಲ ಸಲ ಚಟಚಟ ಸಿಡಿದು ಮುಗಿದ ಸ್ವಲ್ಪ ಹೊತ್ತಿಗೆ ಇಳಿಸಬೇಕು. ಕಪ್ಪಗೆ ಎಣ್ಣೆ ಬಿಡುವವರೆಗೆ ಹುರಿದರೆ ಗಿರಿಯೂ ಒಂದೇ, ತಗ್ಗೂ ಒಂದೇ. ಅಂಗಡಿಯ ಪುಡಿ ಬೇಡವೇ ಬೇಡ, ಅದರಲ್ಲಿ ಚಿಕೋರಿ ಎಷ್ಟಿದೆಯೆಂದು ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರ ಓದಿದರೆ ತಿಳಿಯುತ್ತದೆ. ಮರುದಿನ, ಫಿಲ್ಟರ್ ಪುಡಿಗಿಂತ ತುಸು ತರಿಯಾಗಿ ಬೀಸಿಕೊಳ್ಳಿ.

ಪ್ರತಿ ಬಟ್ಟಲಿಗೆ 8.25 ಗ್ರಾಂ ಪುಡಿ ಹಾಕಿ, ಕುದಿ ಇಳಿದ, ಸುಮಾರು 93 ಡಿಗ್ರಿಯ 150 ಮಿ.ಲೀ. ನೀರು ಸುರಿಯಿರಿ. ತಕ್ಕಡಿಯಿಲ್ಲದೆ ಚಮಚದ ಅಂದಾಜಿನಲ್ಲಿ ಹಾಕುವುದಾದರೆ ಈ ಪರೀಕ್ಷೆಯನ್ನೇ ಮಾಡಬೇಡಿ. ನಾಲ್ಕು ನಿಮಿಷದ ನಂತರ ಮೇಲೆ ಕಟ್ಟಿದ ಪುಡಿಯ ಪದರವನ್ನು ಚಮಚದ ಬೆನ್ನಿನಿಂದ ಮೆಲ್ಲಗೆ ಒಡೆದು, ಮೂಗನ್ನು ಬಟ್ಟಲಿನ ಅಂಚಿನವರೆಗೆ ತಂದು ಪರಿಮಳ ಹಿಡಿಯಿರಿ. ಕಲಕಿದರೆ ಚರಟ ಮೇಲೆದ್ದು ಕಹಿಯಾಗುತ್ತದೆ. ನೊರೆ ತೆಗೆದು, ಕಾಫಿ ಬಾಯಿ ಸುಡದಷ್ಟು ಆರಿದ ಮೇಲೆ ಸೊರ್ರನೆ ಹೀರಿ ನಾಲಿಗೆಯ ತುಂಬ ಹರಡಿಕೊಳ್ಳಿ. ಬಿಸಿಯಲ್ಲಿ ಅಡಗಿದ್ದ ಹುಳಿ ಆರುತ್ತ ಬಂದಂತೆ ಬಿಚ್ಚಿಕೊಳ್ಳುವುದರಿಂದ ಅದೇ ಬಟ್ಟಲನ್ನು ಮತ್ತೆ ಮತ್ತೆ ಸವಿಯಬೇಕು. ಹಣ್ಣಿನಂಥ ಹುಳಿ ಬಾಯಲ್ಲಿ ಉಳಿದರೆ ಎತ್ತರದ ತೋಟವೆಂದು ಊಹಿಸಬಹುದು. ಬಾಯಿ ಒಗರಾದರೆ ಕೊಯ್ಲಿನಲ್ಲಿ ಕಾಯಿ ಬೆರೆತಿರುವ ಸಂಭವವೇ ಹೆಚ್ಚಾದ್ದರಿಂದ ಆ ಮಾದರಿಯನ್ನು ಲೆಕ್ಕದಿಂದ ಬಿಟ್ಟುಬಿಡಿ.